ಕಿವಿಗೊಟ್ಟು ಕೇಳುವ ವಿದ್ಯೆ: ಭಾರತದಲ್ಲಿ ಭಾಷಾವಿಜ್ಞಾನದ ಬಳಗ ಬೆಳೆದ ಬಗೆ

‘ಹುಲಿ’ ಮತ್ತು ‘ಹುಳಿ’ ಎಂಬ ಎರಡು ಮಾತುಗಳನ್ನು ಕನ್ನಡದ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬೇರೆ ಬೇರೆಯಾಗಿ ಗುರುತಿಸುತ್ತದೆ. ಆದರೆ ‘ಲ’ಕಾರ ಮತ್ತು ‘ಳ’ಕಾರಗಳನ್ನು ನುಡಿಯುವಾಗ ನಾಲಿಗೆ ಎಲ್ಲೆಲ್ಲಿ ತಾಗುತ್ತದೆ, ಅಷ್ಟು ಸಣ್ಣ ವ್ಯತ್ಯಾಸದಿಂದ ಅರ್ಥವೇ ಬದಲಾಗುವುದು ಹೇಗೆ ಎಂದು ಕೇಳಿದರೆ ಪದವೀಧರರೂ ತಡವರಿಸುತ್ತಾರೆ. ಭಾಷೆಯನ್ನು ಆಡಬಲ್ಲೆವು ಎಂದ ಮಾತ್ರಕ್ಕೆ ಅದರ ಕಟ್ಟನ್ನು ಬಲ್ಲೆವು ಎಂದಾಗುವುದಿಲ್ಲ. ಅದಕ್ಕೆ ಶಿಸ್ತಿನ ತರಬೇತಿ ಬೇಕು. ಅಂಥ ತರಬೇತಿ ನಮ್ಮ ದೇಶದಲ್ಲಿ ಎಲ್ಲಿ, ಹೇಗೆ ಬೆಳೆಯಿತು ಎಂಬುದನ್ನು ಇಲ್ಲಿ ನೋಡೋಣ.

ಪಾಣಿನಿಯ ನಾಡು ನಮ್ಮದು. ಕನ್ನಡಕ್ಕೂ ಕೇಶಿರಾಜನಂಥ ವೈಯಾಕರಣರಿದ್ದರು. ಆದರೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಧುನಿಕ ಭಾಷಾವಿಜ್ಞಾನವನ್ನು ಕಲಿಸುವ ಕೇಂದ್ರಗಳು ಇಲ್ಲಿ ತೀರ ವಿರಳವಾಗಿದ್ದವು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ತೌಲನಿಕ ಭಾಷಾಶಾಸ್ತ್ರದ ವಿಭಾಗವಿತ್ತು. ಅಲ್ಲಿ ಪಾಠ ಹೇಳಿದ ಸುನೀತಿ ಕುಮಾರ್ ಚಟರ್ಜಿ ಅವರೂ ಉನ್ನತ ಸಂಶೋಧನೆಗಾಗಿ ಲಂಡನ್ನಿಗೆ ಹೋಗಿ ಬಂದವರೇ. ಅತಿ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನು ಬರೆದ ಎ. ಎನ್. ನರಸಿಂಹಯ್ಯನವರೂ ಅದಕ್ಕಾಗಿ ಲಂಡನ್ನಿನಲ್ಲಿ ಅಭ್ಯಾಸ ಮಾಡಿದರು. ಅವರ ಗ್ರಂಥವನ್ನು ಮೈಸೂರು ವಿಶ್ವವಿದ್ಯಾಲಯ 1941ರಲ್ಲಿ ಪ್ರಕಟಿಸಿತು. ನಮ್ಮ ನೆಲದ ಕಲ್ಲುಗಳ ಮೇಲಿನ ಭಾಷೆಯನ್ನು ಅರಿಯುವ ವಿಧಾನವನ್ನು ಕಲಿಯಲು ಸಮುದ್ರ ದಾಟಬೇಕಾಗಿದ್ದ ಕಾಲ ಅದು.

ವಿದ್ವಾಂಸರು ಒಂದುಗೂಡುವ ಪ್ರಯತ್ನ 1928ರಲ್ಲಿ ನಡೆಯಿತು. ಆ ವರ್ಷ ಲಾಹೋರಿನಲ್ಲಿ ಭಾರತೀಯ ಭಾಷಾವಿಜ್ಞಾನ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಗ್ರಿಯರ್ಸನ್ ಅವರ ‘ಭಾರತದ ಭಾಷಾ ಸಮೀಕ್ಷೆ’ ಮುಕ್ತಾಯಗೊಂಡಿತು. ಆದರೆ ಆ ಬೃಹತ್ ಸಮೀಕ್ಷೆಯ ಕಾರ್ಯವ್ಯಾಪ್ತಿಯಲ್ಲಿ ಮದ್ರಾಸ್ ಪ್ರಾಂತವಾಗಲಿ ಮೈಸೂರು, ಹೈದರಾಬಾದ್ ಸಂಸ್ಥಾನಗಳಾಗಲಿ ಸೇರಿರಲಿಲ್ಲ. ಹೀಗಾಗಿ ದಕ್ಷಿಣದ ಆಡುನುಡಿಗಳ ಬಹುಪಾಲು ಕೆಲಸ ಹಾಗೆಯೇ ಉಳಿಯಿತು. ಅದನ್ನು ಮಾಡಲು ತರಬೇತಿ ಪಡೆದ ಜನ ಬೇಕಾಗಿದ್ದರು.

ಈ ಕೊರತೆಯನ್ನು ತುಂಬುವುದರಲ್ಲಿ ಮುಖ್ಯ ಪಾತ್ರ ವಹಿಸಿದ್ದು ಪುಣೆಯ ಡೆಕ್ಕನ್ ಕಾಲೇಜು. 1934ರಲ್ಲಿ ಮುಚ್ಚಿಹೋಗಿದ್ದ ಈ ಹಳೆಯ ಕಾಲೇಜು 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆಯಿತು. ಅಲ್ಲಿನ ಭಾಷಾವಿಜ್ಞಾನಕ್ಕೆ ಬುನಾದಿ ಹಾಕಿದವರು ಸುಮಿತ್ರ ಮಂಗೇಶ ಕತ್ರೆ. ಕೊಂಕಣಿ ಭಾಷೆಯ ಬೆಳವಣಿಗೆಯನ್ನು ಕುರಿತು ಗ್ರಂಥ ಬರೆದಿದ್ದ ಅವರು ಮುಂದೆ ಬಹುಕಾಲ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಜಿ. ಎಸ್. ಗಾಯಿ ಅವರು ಎಂಟು, ಒಂಬತ್ತು ಮತ್ತು ಹತ್ತನೆಯ ಶತಮಾನಗಳ ಶಾಸನಗಳನ್ನೇ ಆಧರಿಸಿ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು ರಚಿಸಿದ್ದು ಇಲ್ಲಿಯೇ. ಅದು 1946ರಲ್ಲಿ ಪ್ರಕಟವಾಯಿತು. ಈ ಬಗೆಯ ಕೆಲಸಕ್ಕೆ ಲಂಡನ್ನೇ ಆಗಬೇಕೆಂಬ ಅನಿವಾರ್ಯತೆ ಇನ್ನು ಉಳಿಯಲಿಲ್ಲ.

ನಿಜವಾದ ತಿರುವು ಬಂದದ್ದು 1950ರ ದಶಕದಲ್ಲಿ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಡೆಕ್ಕನ್ ಕಾಲೇಜು ಭಾಷಾವಿಜ್ಞಾನದ ಅಲ್ಪಾವಧಿ ಶಾಲೆಗಳನ್ನು ಆರಂಭಿಸಿತು. ಗ್ಲೀಸನ್, ಫೇರ್‌ಬ್ಯಾಂಕ್ಸ್, ಹೋನಿಗ್ಸ್‌ವಾಲ್ಡ್ ಅವರಂಥ ವಿದೇಶಿ ವಿದ್ವಾಂಸರು ಭಾರತೀಯ ಪ್ರಾಧ್ಯಾಪಕರ ಜೊತೆಗೂಡಿ ಪಾಠ ಹೇಳಿದರು. ದೇಶದ ನಾನಾ ಭಾಗಗಳಿಂದ ಸಂಸ್ಕೃತ, ಕನ್ನಡ, ತಮಿಳು, ತೆಲುಗು, ಹಿಂದಿ ಅಧ್ಯಾಪಕರು ಅಲ್ಲಿ ವಿದ್ಯಾರ್ಥಿಗಳಾಗಿ ಕುಳಿತರು. ಇಂಥ ಶಾಲೆಗಳು ಮುಂದೆ ಬೇರೆ ಬೇರೆ ಊರುಗಳಲ್ಲಿಯೂ ನಡೆದವು.

ಅಲ್ಲಿ ಕಲಿಸಿದ್ದಾದರೂ ಏನು? ಮುಖ್ಯವಾಗಿ, ಕೇಳುವುದನ್ನು. ಭಾಷೆಯೊಂದನ್ನು ಆಡುವ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಅವರ ಮಾತನ್ನು ಕೇಳಿದಂತೆಯೇ ಧ್ವನಿಲಿಪಿಯಲ್ಲಿ ಬರೆದುಕೊಳ್ಳುವುದು. ಅರ್ಥ ಬದಲಿಸುವ ಧ್ವನಿಗಳು ಯಾವುವು ಎಂದು ವಿಂಗಡಿಸುವುದು. ಪದ, ಪ್ರತ್ಯಯಗಳನ್ನು ಬಿಡಿಸುವುದು. ಕೊನೆಗೆ ವಾಕ್ಯರಚನೆಯನ್ನು ವಿವರಿಸುವುದು. ಹೀಗೆ ಮಾಡುವಾಗ ‘ಇದು ಶುದ್ಧ, ಅದು ಅಶುದ್ಧ’ ಎಂಬ ತೀರ್ಪಿಗೆ ಎಡೆಯಿರಲಿಲ್ಲ. ಗ್ರಂಥಭಾಷೆಯನ್ನಷ್ಟೇ ಗೌರವಿಸುತ್ತಿದ್ದ ಪಂಡಿತ ಪರಂಪರೆಗೆ ಇದು ಸಣ್ಣ ಬದಲಾವಣೆಯಲ್ಲ. ಅಕ್ಷರವನ್ನೇ ಕಲಿಯದ ರೈತನೊಬ್ಬ ಇಲ್ಲಿ ಗುರುವಿನ ಸ್ಥಾನದಲ್ಲಿರುತ್ತಿದ್ದ, ಪದವೀಧರನೇ ಶಿಷ್ಯ.

ಇದರ ಫಲ ಕನ್ನಡಕ್ಕೂ ದೊರೆಯಿತು. ಆ ವರ್ಷಗಳಲ್ಲಿ ಭಾರತಕ್ಕೆ ಬಂದಿದ್ದ ವಿಲಿಯಂ ಬ್ರೈಟ್ ಅವರು ಆಡುಗನ್ನಡದ ರೂಪರೇಖೆಯನ್ನು ಬರೆದರು; 1958ರಲ್ಲಿ ಡೆಕ್ಕನ್ ಕಾಲೇಜು ಅದನ್ನು ಪ್ರಕಟಿಸಿತು. ಒಂದೇ ಪ್ರದೇಶದಲ್ಲಿ ಒಂದು ಸಮುದಾಯ ‘ಇದೆ’ ಎಂದರೆ ಇನ್ನೊಂದು ‘ಐತೆ’ ಎನ್ನುತ್ತದೆ. ಒಬ್ಬರ ‘ಹಾಲು’ ಇನ್ನೊಬ್ಬರ ಬಾಯಲ್ಲಿ ‘ಆಲು’ ಆಗುತ್ತದೆ. ಇಂಥ ವ್ಯತ್ಯಾಸಗಳು ತಪ್ಪುಗಳಲ್ಲ, ಭಾಷೆ ಬದಲಾಗುವ ದಾರಿಗಳು ಎಂಬುದನ್ನು ಅವರು ವಿವರಿಸಿದರು. 1968ರಲ್ಲಿ ಯು. ಪಿ. ಉಪಾಧ್ಯಾಯರ ನಂಜನಗೂಡು ಕನ್ನಡದ ವಿವರಣೆ ಹೊರಬಂತು. ಇದೇ ಉಪಾಧ್ಯಾಯರು ಮುಂದೆ ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟಿನ ಪ್ರಧಾನ ಸಂಪಾದಕರಾದರು.

ಕನ್ನಡಿಗರು ಕನ್ನಡಕ್ಕೇ ಸೀಮಿತರಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಎಚ್. ಎಸ್. ಬಿಳಿಗಿರಿಯವರು ಮುಂಡಾ ವರ್ಗಕ್ಕೆ ಸೇರಿದ ಖಡಿಯಾ ಭಾಷೆಯ ವ್ಯಾಕರಣವನ್ನು 1965ರಲ್ಲಿ ಪ್ರಕಟಿಸಿದರು. ಡಿ. ಎನ್. ಶಂಕರ ಭಟ್ಟರು ಈಶಾನ್ಯ ಭಾರತದ ಬೋಡೊ ಮತ್ತು ತಾಂಖುಲ್ ನಾಗಾ ಭಾಷೆಗಳ ಪದಗಳನ್ನು ಸಂಗ್ರಹಿಸಿದರು. ಕರಾವಳಿಯ ಕೊರಗ ಭಾಷೆಯನ್ನು ಕುರಿತ ಅವರ ಪುಸ್ತಕ 1971ರಲ್ಲಿ ಬಂತು. ಇಂದು ಯುನೆಸ್ಕೋ ಗುರುತಿಸಿರುವ ಅಪಾಯದಲ್ಲಿರುವ ಭಾಷೆಗಳಲ್ಲಿ ಕೊರಗವೂ ಒಂದು. ತರಬೇತಿ ಪಡೆದ ಒಂದು ಕಿವಿ ಸಕಾಲಕ್ಕೆ ಅಲ್ಲಿಗೆ ತಲುಪಿದ್ದರ ಬೆಲೆ ಈಗ ನಮಗೆ ಹೆಚ್ಚು ಅರ್ಥವಾಗುತ್ತದೆ.

ಒಂದು ಸಂಸ್ಥೆಯಿಂದ ಹಲವು ಸಂಸ್ಥೆಗಳು ಚಿಗುರುವುದು ವಿದ್ಯೆಯ ಲಕ್ಷಣ. 1960ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಜೊತೆಗೆ ಅಣ್ಣಾಮಲೈ ವಿಶ್ವವಿದ್ಯಾಲಯವೂ ಭಾಷಾವಿಜ್ಞಾನದ ಉನ್ನತ ಅಧ್ಯಯನ ಕೇಂದ್ರವಾಯಿತು. ಅದರ ವಿಶೇಷ ಕ್ಷೇತ್ರ ದ್ರಾವಿಡ ಭಾಷೆಗಳು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭದ್ರಿರಾಜು ಕೃಷ್ಣಮೂರ್ತಿ ಅವರು ವಿಭಾಗವನ್ನು ಕಟ್ಟಿದರು. 1969ರ ಜುಲೈ 17ರಂದು ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ ಆರಂಭವಾಯಿತು; ಡಿ. ಪಿ. ಪಟ್ಟನಾಯಕ್ ಅದರ ಮೊದಲ ನಿರ್ದೇಶಕರು. ಶಂಕರ ಭಟ್ಟರೂ ಬಿಳಿಗಿರಿಯವರೂ ಮುಂದೆ ಈ ಸಂಸ್ಥಾನದಲ್ಲಿ ಕೆಲಸ ಮಾಡಿದರು.

ಆದರೆ ಕೆಲಸ ಮುಗಿದಿಲ್ಲ. 1961ರ ಜನಗಣತಿಯಲ್ಲಿ ಜನರು ತಮ್ಮ ಮಾತೃಭಾಷೆಗಳೆಂದು ಹೇಳಿಕೊಂಡ ಹೆಸರುಗಳು 1,652. ಅವುಗಳಲ್ಲಿ ಹಲವು ಒಂದೇ ಭಾಷೆಯ ಬೇರೆ ಬೇರೆ ಹೆಸರುಗಳಿರಬಹುದು. ಹಾಗೆ ವಿಂಗಡಿಸಿ ಹೇಳುವುದಕ್ಕೂ ಬಲ್ಲವರು ಬೇಕು. ವ್ಯಾಕರಣವಾಗಲಿ ನಿಘಂಟಾಗಲಿ ಇಲ್ಲದ ನುಡಿಯೊಂದರ ಕೊನೆಯ ಹಿರಿಯರು ತೀರಿಕೊಂಡರೆ, ಎಷ್ಟೇ ಹಣ ಸುರಿದರೂ ಅದನ್ನು ಮತ್ತೆ ಕೇಳಲಾಗುವುದಿಲ್ಲ.

ವಿದ್ಯಾರ್ಥಿಗಳು ಇದನ್ನು ಓದಿದ ಮೇಲೆ ಒಂದು ಸಣ್ಣ ಪ್ರಯೋಗ ಮಾಡಬಹುದು. ಮನೆಯ ಅಜ್ಜಿಯೋ ಊರಿನ ಹಿರಿಯರೋ ಒಂದು ಕತೆ ಹೇಳುವಾಗ ಅದನ್ನು ತಿದ್ದದೆ, ಪುಸ್ತಕದ ಭಾಷೆಗೆ ಬದಲಿಸದೆ, ಕೇಳಿದಂತೆಯೇ ಹತ್ತು ವಾಕ್ಯ ಬರೆದುಕೊಳ್ಳಿ. ಎಷ್ಟು ಕಡೆ ನಿಮ್ಮ ಕೈ ತಾನಾಗಿಯೇ ತಿದ್ದಲು ಹೊರಡುತ್ತದೆ ಎಂಬುದನ್ನು ಗಮನಿಸಿ. ಪುಣೆಯ ಆ ತರಗತಿಗಳಲ್ಲಿ ಕಲಿಸಿದ ಮೊದಲ ಪಾಠ, ಆ ಕೈಯನ್ನು ತಡೆದು ಹಿಡಿಯುವುದೇ ಆಗಿತ್ತು.