ಉತ್ತಮ ತಂತ್ರಾಂಶ ರೂಪಿಸುವಲ್ಲಿ ಅನುಸರಿಸಬೇಕಾದ ಕ್ರಮಗಳು: ‘ಭೂಮಿ’ ತಂತ್ರಾಂಶದ ಅನುಭವ

ಪೀಠಿಕೆ

ಬಂಟ್ವಾಳ ತಾಲ್ಲೂಕಿನ ಬಂಟ್ವಾಳ, ಪಾಣೆಮಂಗಳೂರು ಹಾಗೂ ವಿಟ್ಲ ಹೋಬಳಿಗಳ ರೈತರಿಗೆ ಪಹಣಿ ಪತ್ರಿಕೆಯು (ಆರ್‌ಟಿಸಿ) ಅತ್ಯಗತ್ಯ ದಾಖಲೆಯಾಗಿರುತ್ತದೆ. ಸಹಕಾರ ಸಂಘದಲ್ಲಿ ಬೆಳೆ ಸಾಲ ಪಡೆಯಲು, ಅಡಿಕೆ ತೋಟದ ಪಾಲುಪಟ್ಟಿ ಮಾಡಿಕೊಳ್ಳಲು, ಬೆಳೆ ನಷ್ಟಕ್ಕೆ ಪರಿಹಾರ ಕೋರಲು ಇದು ಬೇಕಾಗುತ್ತದೆ. ಈ ಪತ್ರಿಕೆಯಲ್ಲಿ ಒಂದು ಅಕ್ಷರ ಅಥವಾ ಒಂದು ಅಂಕಿ ತಪ್ಪಾದರೂ ರೈತನು ಹಲವು ಬಾರಿ ಕಛೇರಿಗೆ ಅಲೆಯಬೇಕಾಗುತ್ತದೆ. ಆದುದರಿಂದ ಇಂತಹ ದಾಖಲೆಯನ್ನು ನಿರ್ವಹಿಸುವ ತಂತ್ರಾಂಶವನ್ನು ಹೇಗೆ ರೂಪಿಸಬೇಕು ಎಂಬುದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ರಾಜ್ಯದ ‘ಭೂಮಿ’ ತಂತ್ರಾಂಶದ ಅನುಭವವನ್ನು ಆಧಾರವಾಗಿಟ್ಟುಕೊಂಡು, ಯಾವುದೇ ತಂತ್ರಾಂಶವನ್ನು ಸಿದ್ಧಪಡಿಸುವಾಗ ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣವನ್ನು 1991ರಲ್ಲಿ ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಕೈಗೊಳ್ಳಲಾಯಿತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೆ ದಾಖಲೆಗಳು ಪ್ರತಿದಿನ ಬದಲಾಗುವ ಸ್ಥಳವಾದ ತಾಲ್ಲೂಕು ಕಛೇರಿಗೆ ಗಣಕಯಂತ್ರವನ್ನು ಒದಗಿಸುವ ಅವಕಾಶ ಆ ಯೋಜನೆಯಲ್ಲಿರಲಿಲ್ಲ. ಪರಿಣಾಮವಾಗಿ ಗಣಕಯಂತ್ರದಲ್ಲಿ ದಾಖಲಾದ ಮಾಹಿತಿ ಹಳೆಯದಾಗುತ್ತ ಹೋಯಿತು. ಕೈಬರಹದ ಪುಸ್ತಕವೇ ನಿಜವಾದ ದಾಖಲೆಯಾಗಿ ಉಳಿಯಿತು.

ಈ ಅನುಭವದಿಂದ ಪಾಠ ಕಲಿತು, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ (ಎನ್‌ಐಸಿ) ಬೆಂಗಳೂರು ಘಟಕವು ‘ಭೂಮಿ’ ತಂತ್ರಾಂಶವನ್ನು ಸಿದ್ಧಪಡಿಸಿತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಿದ ನಂತರ ಹಂತ ಹಂತವಾಗಿ ರಾಜ್ಯದ ಇತರ ತಾಲ್ಲೂಕುಗಳಿಗೆ ವಿಸ್ತರಿಸಲಾಯಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆರಂಭದಲ್ಲಿ 15 ರೂಪಾಯಿ ಶುಲ್ಕ ಪಾವತಿಸಿ ಯಾರು ಬೇಕಾದರೂ ತಾಲ್ಲೂಕು ಕೇಂದ್ರದಲ್ಲಿ ಮುದ್ರಿತ ಪಹಣಿ ಪಡೆಯಬಹುದಾಗಿತ್ತು.

ಅನುಸರಿಸಬೇಕಾದ ಕ್ರಮಗಳು

1. ಮೊದಲು ಕೆಲಸದ ಸ್ಥಳವನ್ನು ಅರಿಯುವುದು

ತಂತ್ರಾಂಶವನ್ನು ಬರೆಯುವ ಮೊದಲು ಆ ಕೆಲಸ ಎಲ್ಲಿ, ಯಾರಿಂದ, ಯಾವ ಕ್ರಮದಲ್ಲಿ ನಡೆಯುತ್ತಿದೆ ಎಂಬುದನ್ನು ಖುದ್ದಾಗಿ ನೋಡಿ ದಾಖಲಿಸತಕ್ಕದ್ದು. ಗ್ರಾಮಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿಗಳು), ಕಂದಾಯ ನಿರೀಕ್ಷಕರು, ಶಿರಸ್ತೇದಾರರು ಮತ್ತು ತಹಶೀಲ್ದಾರರು ಮಾಡುವ ಕೆಲಸಗಳನ್ನು ಅವರಿಂದಲೇ ತಿಳಿಯಬೇಕಾಗುತ್ತದೆ. 1991ರ ನಂತರದ ಮೊದಲ ಪ್ರಯತ್ನ ವಿಫಲವಾದದ್ದು ಯಂತ್ರದ ದೋಷದಿಂದಲ್ಲ. ಕೆಲಸ ನಡೆಯುವ ಸ್ಥಳವೊಂದು, ಯಂತ್ರವನ್ನು ಇರಿಸಿದ ಸ್ಥಳ ಇನ್ನೊಂದು ಆದುದರಿಂದ.

2. ಸ್ಥಳೀಯ ವ್ಯತ್ಯಾಸಗಳಿಗೆ ಅವಕಾಶ ಕಲ್ಪಿಸುವುದು

ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಕಾರಣ ಇಲ್ಲಿನ ಕಂದಾಯ ಪದ್ಧತಿ ಹಳೆ ಮೈಸೂರು ಭಾಗದ ಪದ್ಧತಿಗಿಂತ ಭಿನ್ನವಾಗಿ ಬೆಳೆದುಬಂದಿದೆ. ವರ್ಗ ಜಮೀನು, ಅದಕ್ಕೆ ಹೊಂದಿಕೊಂಡ ಕುಮ್ಕಿ ಇತ್ಯಾದಿ ಪದಗಳು ಈ ಭಾಗಕ್ಕೆ ವಿಶಿಷ್ಟವಾದವು. ಹಳೆ ಮೈಸೂರು ಭಾಗದಲ್ಲಿ ವಿಸ್ತೀರ್ಣವನ್ನು ಎಕರೆ-ಗುಂಟೆಗಳಲ್ಲಿ ಬರೆದರೆ, ಇಲ್ಲಿ ಎಕರೆ-ಸೆಂಟ್ಸ್‌ಗಳಲ್ಲಿ ಬರೆಯುವುದು ರೂಢಿ.

ಒಂದು ಎಕರೆಗೆ 40 ಗುಂಟೆ ಅಥವಾ 100 ಸೆಂಟ್ಸ್. ಬಂಟ್ವಾಳದ ಪಹಣಿಯಲ್ಲಿರುವ 25 ಸೆಂಟ್ಸ್ ಎಂದರೆ 10 ಗುಂಟೆ ಮಾತ್ರ. ಅದೇ ಅಂಕಿಯನ್ನು 25 ಗುಂಟೆ ಎಂದು ಓದಿದಲ್ಲಿ ಅದು 62.5 ಸೆಂಟ್ಸ್ ಆಗುತ್ತದೆ. ಅಂದರೆ ಜಮೀನು ಎರಡೂವರೆ ಪಟ್ಟು ಹೆಚ್ಚಾಗಿ ಕಾಣುತ್ತದೆ. ಆದುದರಿಂದ ಅಂಕಿಯ ಜೊತೆಗೆ ಅದರ ಮಾನವನ್ನೂ ದಾಖಲಿಸುವಂತೆ ತಂತ್ರಾಂಶವನ್ನು ರಚಿಸತಕ್ಕದ್ದು. ಒಂದು ಭಾಗದ ರೂಢಿಯನ್ನೇ ಇಡೀ ರಾಜ್ಯದ ನಿಯಮವೆಂದು ಭಾವಿಸಬಾರದು.

3. ಭಾಷೆ ಮತ್ತು ಹೆಸರುಗಳ ಬಗ್ಗೆ ಎಚ್ಚರ ವಹಿಸುವುದು

ಕರಾವಳಿಯಲ್ಲಿ ವ್ಯಕ್ತಿಗಳನ್ನು ಮನೆ ಹೆಸರಿನಿಂದ ಗುರುತಿಸುವುದು ಹಾಗೂ ದಾಖಲೆಗಳಲ್ಲಿ ‘ಯಾನೆ’ ಎಂದು ಬರೆದು ಎರಡನೆಯ ಹೆಸರನ್ನು ಸೇರಿಸುವುದು ಸಾಮಾನ್ಯ. ತಂತ್ರಾಂಶದಲ್ಲಿ ಹೆಸರಿಗೆ ಮೀಸಲಾದ ಸ್ಥಳ ಕಿರಿದಾಗಿದ್ದಲ್ಲಿ ‘ಯಾನೆ’ಯ ನಂತರದ ಭಾಗ ಬಿಟ್ಟುಹೋಗುವ ಸಂಭವವಿರುತ್ತದೆ. ಕನ್ನಡದ ಅಕ್ಷರಗಳನ್ನು ಬೇರೆ ಬೇರೆ ಫಾಂಟುಗಳು ಬೇರೆ ಬೇರೆ ಸಂಕೇತಗಳಲ್ಲಿ ಇರಿಸುತ್ತಿದ್ದ ಕಾಲದಲ್ಲಿ ಒಂದು ತಂತ್ರಾಂಶದ ಬರಹ ಮತ್ತೊಂದರಲ್ಲಿ ಓದಲು ಬರುತ್ತಿರಲಿಲ್ಲ. ಆದ್ದರಿಂದ ಯೂನಿಕೋಡ್ ಸಂಕೇತವನ್ನೇ ಬಳಸುವುದು ಸೂಕ್ತ. ಕನ್ನಡದ ಬೆರಳಚ್ಚಿಗೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದವರು ಇದೇ ಜಿಲ್ಲೆಯ ಕಿನ್ನಿಕಂಬಳದವರಾದ ಶ್ರೀ ಕೆ. ಪಿ. ರಾವ್ ಅವರು ಎಂಬುದು ಇಲ್ಲಿ ಉಲ್ಲೇಖನೀಯ.

4. ದಾಖಲಿಸಿದ ಮಾಹಿತಿಯನ್ನು ಪರಿಶೀಲಿಸುವುದು

ತಂತ್ರಾಂಶ ಎಷ್ಟೇ ಸಮರ್ಪಕವಾಗಿದ್ದರೂ ಅದರಲ್ಲಿ ತುಂಬಿದ ಮಾಹಿತಿ ತಪ್ಪಾಗಿದ್ದರೆ ಪ್ರಯೋಜನವಿಲ್ಲ. ‘ಭೂಮಿ’ ಯೋಜನೆಯಲ್ಲಿ ದಾಖಲಿಸಿದ ಪಹಣಿಗಳನ್ನು ಮುದ್ರಿಸಿ, ಗ್ರಾಮಲೆಕ್ಕಿಗರಿಂದ ಮೂಲ ಪುಸ್ತಕದೊಂದಿಗೆ ತಾಳೆ ನೋಡಿಸಿ, ತಿದ್ದುಪಡಿಗಳನ್ನು ಅಳವಡಿಸಿ, ಮೇಲಧಿಕಾರಿಗಳು ದೃಢೀಕರಿಸುವ ಕ್ರಮವನ್ನು ಅನುಸರಿಸಲಾಯಿತು. ಹೊಸ ತಂತ್ರಾಂಶಕ್ಕೆ ಹಳೆಯ ಮಾಹಿತಿಯನ್ನು ವರ್ಗಾಯಿಸುವಾಗಲೂ ಇದೇ ಕ್ರಮ ಅಗತ್ಯ.

5. ಹೊಣೆಗಾರಿಕೆಯನ್ನು ತಂತ್ರಾಂಶದಲ್ಲಿಯೇ ಅಳವಡಿಸುವುದು

‘ಭೂಮಿ’ಯಲ್ಲಿ ಸಿಬ್ಬಂದಿಯ ಗುರುತನ್ನು ಗುಪ್ತಪದದ ಜೊತೆಗೆ ಬೆರಳಚ್ಚಿನ ಮೂಲಕವೂ ಖಚಿತಪಡಿಸುವ ವ್ಯವಸ್ಥೆ ಮಾಡಲಾಯಿತು. ಗುಪ್ತಪದವನ್ನು ಇನ್ನೊಬ್ಬರಿಗೆ ತಿಳಿಸಬಹುದು, ಬೆರಳಚ್ಚನ್ನು ಕೊಡಲಾಗದು. ಹಕ್ಕು ಬದಲಾವಣೆಯ (ಮ್ಯುಟೇಶನ್) ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡುವ ನಿಯಮವನ್ನೂ ತಂತ್ರಾಂಶದಲ್ಲಿ ಸೇರಿಸಲಾಯಿತು. ಇದರಿಂದ ಪ್ರಭಾವಿಗಳ ಅರ್ಜಿ ಮುಂದಕ್ಕೂ ಬಡವರ ಅರ್ಜಿ ಹಿಂದಕ್ಕೂ ಹೋಗುವುದನ್ನು ತಡೆಯುವುದು ಉದ್ದೇಶ. ಯಾರು, ಯಾವಾಗ, ಏನು ಬದಲಿಸಿದರು ಎಂಬ ವಿವರ ಅಳಿಸಲಾಗದಂತೆ ಉಳಿಯತಕ್ಕದ್ದು.

6. ಸಣ್ಣ ಪ್ರಮಾಣದಲ್ಲಿ ಆರಂಭಿಸಿ ವಿಸ್ತರಿಸುವುದು

ಒಂದು ತಾಲ್ಲೂಕಿನಲ್ಲಿ ಕಂಡುಬಂದ ದೋಷವನ್ನು ಅಲ್ಲಿಯೇ ಸರಿಪಡಿಸುವುದು ಸುಲಭ. ಇಡೀ ರಾಜ್ಯಕ್ಕೆ ಹರಡಿದ ನಂತರ ಸರಿಪಡಿಸುವುದು ಕಷ್ಟ ಹಾಗೂ ದುಬಾರಿ. ಪ್ರತಿಯೊಂದು ಆವೃತ್ತಿಗೂ ಸಂಖ್ಯೆ ನೀಡಿ, ಹೊಸ ಆವೃತ್ತಿಯಲ್ಲಿ ತೊಂದರೆ ಕಂಡುಬಂದಲ್ಲಿ ಹಿಂದಿನ ಆವೃತ್ತಿಗೆ ಮರಳಲು ಅನುಕೂಲವಾಗುವಂತೆ ಇರಿಸಿಕೊಳ್ಳತಕ್ಕದ್ದು.

7. ಹಳೆಯ ಪದ್ಧತಿಯನ್ನು ನಿಗದಿತ ದಿನ ನಿಲ್ಲಿಸುವುದು

ಗಣಕೀಕೃತ ಮತ್ತು ಕೈಬರಹದ ದಾಖಲೆಗಳು ಏಕಕಾಲಕ್ಕೆ ಚಾಲ್ತಿಯಲ್ಲಿದ್ದರೆ ಎರಡರ ನಡುವೆ ವ್ಯತ್ಯಾಸ ಉಂಟಾಗಿ ವಿವಾದಗಳಿಗೆ ಎಡೆಯಾಗುತ್ತದೆ. ಆದ್ದರಿಂದ ‘ಭೂಮಿ’ ಜಾರಿಯಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿ ವಿತರಣೆಯನ್ನು ಅಧಿಕೃತವಾಗಿ ನಿಲ್ಲಿಸಲಾಯಿತು. ಪರಿಶೀಲನೆ ಪೂರ್ಣಗೊಳ್ಳದೆ ಮಾತ್ರ ಈ ಕ್ರಮ ಕೈಗೊಳ್ಳಬಾರದು.

8. ಪ್ರತಿಗಳನ್ನು ಸುರಕ್ಷಿತವಾಗಿ ಇರಿಸುವುದು

ನೇತ್ರಾವತಿ ದಡದ ಬಂಟ್ವಾಳವು 1923 ಮತ್ತು 1974ರಲ್ಲಿ ಭೀಕರ ನೆರೆಯನ್ನು ಕಂಡಿದೆ. ಮಳೆಗಾಲದಲ್ಲಿ ಸಿಡಿಲು ಹಾಗೂ ವಿದ್ಯುತ್ ವ್ಯತ್ಯಯ ಸಾಮಾನ್ಯ. ಮಾಹಿತಿಯ ಪ್ರತಿಯನ್ನು ಪ್ರತಿದಿನ ತೆಗೆದು, ಒಂದನ್ನು ಬೇರೆ ಊರಿನಲ್ಲಿ ಇರಿಸತಕ್ಕದ್ದು. ಆ ಪ್ರತಿಯಿಂದ ಮಾಹಿತಿಯನ್ನು ಮರಳಿ ಪಡೆಯಲು ಸಾಧ್ಯವೇ ಎಂಬುದನ್ನೂ ಕಾಲಕಾಲಕ್ಕೆ ಪರೀಕ್ಷಿಸುವುದು ಅವಶ್ಯ.

9. ತಪ್ಪು ತಿದ್ದಲು ಸುಲಭ ಮಾರ್ಗ ಒದಗಿಸುವುದು

ತಪ್ಪೇ ಇಲ್ಲದ ತಂತ್ರಾಂಶವಾಗಲಿ ದಾಖಲೆಯಾಗಲಿ ಇರುವುದಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಪ್ರಕಾರ ಹಕ್ಕು ದಾಖಲೆಯಲ್ಲಿನ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ, ಸರಿಯೆಂದೇ ಭಾವಿಸಲಾಗುತ್ತದೆ. ಆದ್ದರಿಂದ ಬೆರಳಚ್ಚುಗಾರನ ಸಣ್ಣ ತಪ್ಪಿನ ಭಾರವೂ ರೈತನ ಮೇಲೆಯೇ ಬೀಳುತ್ತದೆ. ತಿದ್ದುಪಡಿಯ ಅರ್ಜಿ, ಅದರ ಸ್ವೀಕೃತಿ ಮತ್ತು ಅದು ಯಾವ ಹಂತದಲ್ಲಿದೆ ಎಂಬ ಮಾಹಿತಿ ದೊರೆಯುವಂತೆ ಮಾಡುವುದು ಉತ್ತಮ ತಂತ್ರಾಂಶದ ಲಕ್ಷಣವಾಗಿರುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಅರ್ಜಿದಾರರ ಕಡೆಗೂ ಒಂದು ಪರದೆಯನ್ನು ತಿರುಗಿಸಿ ಇರಿಸಿದ್ದು ಈ ದೃಷ್ಟಿಯಿಂದ ಉಪಯುಕ್ತ ಕ್ರಮ.

ಸಾರ್ವಜನಿಕರ ಪಾತ್ರ

ಪಹಣಿ ಪಡೆದ ಕೂಡಲೇ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು:

(ಅ) ಸರ್ವೆ ನಂಬರು ಮತ್ತು ಹಿಸ್ಸಾ ನಂಬರು ಕ್ರಯಪತ್ರದೊಂದಿಗೆ ಹೊಂದಿಕೆಯಾಗುತ್ತವೆಯೇ;
(ಆ) ವಿಸ್ತೀರ್ಣ ಎಕರೆ-ಸೆಂಟ್ಸ್ ಲೆಕ್ಕದಲ್ಲಿ ಸರಿಯಿದೆಯೇ;
(ಇ) ಹಕ್ಕುದಾರರ ಹಾಗೂ ತಂದೆ ಅಥವಾ ಗಂಡನ ಹೆಸರು, ‘ಯಾನೆ’ ಸಹಿತ, ಪೂರ್ಣವಾಗಿದೆಯೇ;
(ಈ) ತೀರಿಸಿದ ಸಾಲ ಋಣಗಳ ಕಾಲಂನಲ್ಲಿ ಇನ್ನೂ ಉಳಿದಿದೆಯೇ;
(ಉ) ಬೆಳೆಯ ವಿವರ ಸರಿಯಿದೆಯೇ.

ವ್ಯತ್ಯಾಸ ಕಂಡುಬಂದಲ್ಲಿ ಸಾಲ ಅಥವಾ ಪರಿಹಾರದ ಅಗತ್ಯ ಬೀಳುವವರೆಗೆ ಕಾಯದೆ, ಆಧಾರ ದಾಖಲೆಗಳೊಂದಿಗೆ ತಾಲ್ಲೂಕು ಕಛೇರಿಯಲ್ಲಿ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳುವುದು ಸೂಕ್ತ. ಬಳಸುವವರು ತಿಳಿಸಿದ ತಪ್ಪುಗಳಿಂದಲೇ ತಂತ್ರಾಂಶವು ಉತ್ತಮಗೊಳ್ಳುತ್ತದೆ.