ಮನೆಯಲ್ಲಿ ನಾಡ ಬಂದೂಕು ತಯಾರಿಸಿದ್ರೆ, ರಿಪೇರಿ ಮಾಡಿದ್ರೆ ಏನಾಗುತ್ತೆ? ಲೈಸೆನ್ಸ್, ಶಿಕ್ಷೆ, ಅಜ್ಜನ ಕಾಲದ ಬಂದೂಕು: ಇಲ್ಲಿದೆ ಪೂರ್ತಿ ಮಾಹಿತಿ

ಬಸವಕಲ್ಯಾಣ/ಹುಮನಾಬಾದ್: 2025ರ ಜನವರಿ 16ರಂದು ಬೀದರ್ ನಗರದಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವ ಸಿಬ್ಬಂದಿ ಮೇಲೆ ಗುಂಡಿನ ದಾಳಿ ನಡೆಯಿತು. ಬೈಕ್‌ನಲ್ಲಿ ಬಂದಿದ್ದ ಇಬ್ಬರು ಹಣದ ಪೆಟ್ಟಿಗೆ ಹೊತ್ತುಕೊಂಡು ಹೋದರು. ಒಬ್ಬ ಸಿಬ್ಬಂದಿಯ ಜೀವ ಹೋಯಿತು, ಇನ್ನೊಬ್ಬರು ಗಾಯಗೊಂಡರು. ಜಿಲ್ಲೆಯ ವ್ಯಾಪಾರಸ್ಥರು ಇಂದಿಗೂ ಆ ದಿನ ಮರೆತಿಲ್ಲ.

ಇಂಥ ಘಟನೆ ಆದಾಗೆಲ್ಲ "ನಮ್ಮ ಹತ್ರಾನೂ ಒಂದು ಬಂದೂಕು ಇರಬೇಕಿತ್ತು ನೋಡ್ರಿ" ಅನ್ನೋ ಮಾತು ಬರುತ್ತೆ. ಅದರ ಹಿಂದೆಯೇ ಇನ್ನೊಂದು ಮಾತು: "ಲೈಸೆನ್ಸ್ ಗಿಸೆನ್ಸ್ ಯಾಕೆ, ಯಾರ ಕೈಲಾದ್ರೂ ಮಾಡಿಸಿಕೊಂಡ್ರಾಯ್ತು." ಹಂದಿ ಕಾಟಕ್ಕೆ ಬೇಸತ್ತ ರೈತರೂ ಹೀಗೇ ಯೋಚಿಸುವುದುಂಟು.

ಈ ಎರಡನೇ ಮಾತು ಎಷ್ಟು ಅಪಾಯ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡವನಿಗಿಂತ ಅದನ್ನು ತಯಾರಿಸಿದವನಿಗೆ, ರಿಪೇರಿ ಮಾಡಿಕೊಟ್ಟವನಿಗೆ ಕಾನೂನು ಜಾಸ್ತಿ ಶಿಕ್ಷೆ ಇಟ್ಟಿದೆ. ಹಾಗಾಗಿ ಈ ವಿಷಯ ಪುಂಡರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಲೇಥ್, ವೆಲ್ಡಿಂಗ್, ಗ್ಯಾರೇಜ್ ಇಟ್ಟುಕೊಂಡು ದುಡಿದು ತಿನ್ನೋ ಪ್ರತಿಯೊಬ್ಬರೂ ತಿಳಿದಿರಬೇಕು.

ಕಾಯ್ದೆ ಏನು ಹೇಳುತ್ತೆ?

ದೇಶದಲ್ಲಿ ಈಗ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. 2019ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಆಗಿ ಶಿಕ್ಷೆಗಳು ಬಿಗಿಯಾದವು. ಮುಖ್ಯ ಕಲಂಗಳು ಇವು:

• ಕಲಂ 3: ಲೈಸೆನ್ಸ್ ಇಲ್ಲದೆ ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ಉಲ್ಲಂಘಿಸಿದರೆ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ.

• ಕಲಂ 5: ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿ, ಮಾರಾಟ, ಕೈಬದಲಾವಣೆ, ಮಾರ್ಪಾಡು, ರಿಪೇರಿ, ಪರೀಕ್ಷೆ ಯಾವುದೂ ಮಾಡುವಂತಿಲ್ಲ. ರಿಪೇರಿಗೆ ಅಂತ ಅಂಗಡಿಯಲ್ಲಿ ಇಟ್ಟುಕೊಂಡರೂ ಅಪರಾಧವೇ. ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ, ಜೊತೆಗೆ ದಂಡ.

• ಕಲಂ 6: ಬಂದೂಕಿನ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು, ನಕಲಿ ಬಂದೂಕನ್ನು ಅಸಲಿ ಮಾಡುವುದು ಅಪರಾಧ.

• ಕಲಂ 8: ಬಂದೂಕಿನ ಮೇಲಿನ ನಂಬರ್, ತಯಾರಕರ ಗುರುತು ಅಳಿಸುವಂತಿಲ್ಲ. ಮನೆಯಲ್ಲಿ ಮಾಡಿದ ಬಂದೂಕಿಗೆ ಇಂಥ ಗುರುತೇ ಇರುವುದಿಲ್ಲ.

ಇನ್ನೊಂದು ಮಾತು ಗಮನಿಸಿ. 'ಶಸ್ತ್ರ' ಅಂದ್ರೆ ಪೂರ್ತಿ ಬಂದೂಕೇ ಆಗಬೇಕಿಲ್ಲ. ಅದರ ಬಿಡಿ ಭಾಗಗಳು, ಶಸ್ತ್ರ ತಯಾರಿಸುವ ಯಂತ್ರಗಳು ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ಸೇರಿವೆ. "ನಾನು ಒಂದು ಪಾರ್ಟ್ ಅಷ್ಟೇ ಮಾಡಿಕೊಟ್ಟೆ ಸಾಹೇಬ್ರೇ" ಅನ್ನೋ ಮಾತು ನಡೆಯಲ್ಲ. ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಮಾತ್ರ ಬಳಸುವ ಸಾಮಾನುಗಳಿಗೆ ಈ ವ್ಯಾಖ್ಯೆ ತಟ್ಟುವುದಿಲ್ಲ. ಕುಡುಗೋಲು, ಕೊಡಲಿ ಮಾಡುವ ಕಮ್ಮಾರರು ಹೆದರಬೇಕಿಲ್ಲ.

ಕೇಸಿನ ಹಾದಿಯಲ್ಲೂ ವ್ಯತ್ಯಾಸ ಇದೆ. ಕಲಂ 3ರ ಕೇಸ್ ನಡೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದ್ರೆ ಜಿಲ್ಲಾಧಿಕಾರಿಗಳ ಪೂರ್ವಾನುಮತಿ ಬೇಕು. ತಯಾರಿ, ರಿಪೇರಿ ಕೇಸಿಗೆ ಆ ತಡೆಯೂ ಇಲ್ಲ.

ಇಷ್ಟು ಬಿಗಿ ಯಾಕೆ?

ನಾಡ ಬಂದೂಕಿಗೆ ಲೆಕ್ಕ ಇಲ್ಲ, ನಂಬರ್ ಇಲ್ಲ, ಒಡೆಯನೂ ಇಲ್ಲ. ಒಮ್ಮೆ ಕೈಬಿಟ್ಟು ಹೋದರೆ ಎಲ್ಲಿ ಹೋಗಿ ಯಾರ ಎದೆಗೆ ಗುರಿಯಾಗುತ್ತೆ ಅಂತ ಮಾಡಿದವನಿಗೂ ಗೊತ್ತಿರಲ್ಲ.

ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಹತ್ಯೆ ಆಯಿತು. ಬಸವಣ್ಣನವರ ಮತ್ತು ಶರಣರ ವಚನಗಳ ಮೇಲೆ ಜೀವನಪೂರ್ತಿ ದುಡಿದವರು ಅವರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಆಯಿತು. ಎರಡಕ್ಕೂ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ವರ್ಷದ ಅಂತರ, ಎರಡು ಊರು, ಪಿಸ್ತೂಲು ಒಂದೇ.

ಹೊರದೇಶದಲ್ಲೂ ಹೀಗೇ ಆಗಿದೆ. ಜಪಾನಿನಲ್ಲಿ ಬಂದೂಕು ಸಿಗುವುದೇ ಅಪರೂಪ. ಅಂಥ ಕಡೆ 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ನಾರಾ ಪಟ್ಟಣದ ಪ್ರಚಾರ ಸಭೆಯಲ್ಲಿ ಕೊಂದದ್ದು ಒಬ್ಬ ವ್ಯಕ್ತಿ ತಾನೇ ಮಾಡಿಕೊಂಡಿದ್ದ ಬಂದೂಕಿನಿಂದ.

2023ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟ್ ಲೈಸೆನ್ಸ್ ಇಲ್ಲದ ಬಂದೂಕುಗಳ ಹಾವಳಿ ಬಗ್ಗೆ ಕಳವಳ ವ್ಯಕ್ತಪಡಿಸಿತು. ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಒಂದು ವಿಷಯ ಸ್ಪಷ್ಟ ಮಾಡಿತು: ಅಮೆರಿಕದಲ್ಲಿ ಶಸ್ತ್ರ ಹೊಂದುವುದು ಮೂಲಭೂತ ಹಕ್ಕು, ನಮ್ಮ ಸಂವಿಧಾನದಲ್ಲಿ ಅಂಥ ಹಕ್ಕು ಇಲ್ಲ.

ಮಾಡಿದವನಿಗೇ ಮೊದಲ ಗುಂಡು

ಕಾನೂನು ಒಂದು ಕಡೆ ಇರಲಿ, ಜೀವದ ಮಾತು ಬೇರೆ. ಗುಂಡು ಹಾರುವಾಗ ನಳಿಗೆಯೊಳಗೆ ಹುಟ್ಟುವ ಒತ್ತಡ ಭಾರಿ. ಕಾರ್ಖಾನೆಯ ಬಂದೂಕನ್ನು ಅದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷಿಸಿ, ಗುರುತು ಒತ್ತಿ ಹೊರಗೆ ಬಿಡುತ್ತಾರೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡಿದ್ದಕ್ಕೆ ಅಂಥ ಪರೀಕ್ಷೆ ಎಲ್ಲಿಂದ ಬರಬೇಕು? ಕಬ್ಬಿಣದೊಳಗಿನ ಸಣ್ಣ ಬಿರುಕು ಕಣ್ಣಿಗೆ ಕಾಣಲ್ಲ. ನಳಿಗೆ ಸಿಡಿದರೆ ಹೋಗುವುದು ಹಿಡಿದವನ ಬೆರಳು, ಕಣ್ಣು, ಕೆಲವೊಮ್ಮೆ ಪ್ರಾಣ. ಹತ್ತು ಸಲ ಸರಿಯಾಗಿ ಹಾರಿತು ಅನ್ನೋದು ಹನ್ನೊಂದನೇ ಸಲಕ್ಕೆ ಗ್ಯಾರಂಟಿ ಅಲ್ಲ.

ಲೈಸೆನ್ಸ್ ಅನ್ನೋದು ಎಲ್ಲಿಂದ ಬಂತು?

ಬಂದೂಕಿಗೆ ಸರ್ಕಾರದ ಅಪ್ಪಣೆ ಬೇಕು ಅನ್ನೋದು ಬ್ರಿಟಿಷರ ಕಾಲದ ಮಾತು. 1857ರ ದಂಗೆ ವೇಳೆ ಜನರ ಆಯುಧ ಕಿತ್ತುಕೊಳ್ಳುವ ಆದೇಶ ಬಂದಾಗ ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡಲ್ಲ ಅಂದರು. ನವೆಂಬರ್‌ನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆಮೇಲೆ 1878ರ ಶಸ್ತ್ರ ಕಾಯ್ದೆ ಬಂತು. ಅದರಲ್ಲಿ ಯುರೋಪಿನವರಿಗೆ ವಿನಾಯಿತಿ, ನಮ್ಮವರಿಗೆ ಲೈಸೆನ್ಸ್. ಸ್ವಾತಂತ್ರ್ಯದ ನಂತರ ಅದನ್ನು ತೆಗೆದು 1959ರ ಕಾಯ್ದೆ ತಂದರು.

ನಮ್ಮ ತಾಲೂಕುಗಳ ಕತೆ ಬೇರೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಅದೇ ವರ್ಷ ಮೇ ತಿಂಗಳಲ್ಲಿ ಗೋರ್ಟಾ (ಬಿ) ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಈ ಭಾಗದ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅಂಥ ಕಾಲ ಕಂಡ ಮನೆಗಳಲ್ಲಿ "ಅಜ್ಜನ ಬಂದೂಕು" ಅನ್ನೋ ಮಾತು ಕೇಳಿಬಂದರೆ ಆಶ್ಚರ್ಯ ಇಲ್ಲ. ಆದ್ರೆ ಹಳೇದು ಅಂದ ಮಾತ್ರಕ್ಕೆ ಇಟ್ಟುಕೊಳ್ಳಬಹುದು ಅಂತ ಅರ್ಥ ಅಲ್ಲ.

"ಕೊಡಗಿನವರಿಗೆ ಲೈಸೆನ್ಸ್ ಬೇಡ ಅಂತಾರಲ್ಲ?"

ಅರ್ಧ ನಿಜ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಪಡೆಯುವುದರಿಂದ ವಿನಾಯಿತಿ ಇದೆ. 2019ರ ಕೇಂದ್ರ ಗೃಹ ಇಲಾಖೆ ಅಧಿಸೂಚನೆ ಇದನ್ನು 2029ರವರೆಗೆ ವಿಸ್ತರಿಸಿದೆ, 2021ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿದಿದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಮಾಡುತ್ತಾರೆ. ಆದ್ರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ತಯಾರಿಸುವುದಕ್ಕಲ್ಲ. ಬೀದರ್ ಜಿಲ್ಲೆಯವರಿಗೆ ಅದು ಅನ್ವಯಿಸುವುದೂ ಇಲ್ಲ.

ಕಾನೂನು ಪ್ರಕಾರ ಬಂದೂಕು ಬೇಕಾದ್ರೆ

• ಅರ್ಜಿ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಿಗದಿತ ನಮೂನೆಯಲ್ಲಿ ಜಿಲ್ಲಾಧಿಕಾರಿಗಳಿಗೆ.

• ವಯಸ್ಸು: 21 ತುಂಬಿರಬೇಕು.

• ದಾಖಲೆ: ಗುರುತು, ವಿಳಾಸ, ಫೋಟೊ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯರ ಪ್ರಮಾಣಪತ್ರ. ಬಂದೂಕು ಯಾಕೆ ಬೇಕು ಅನ್ನೋದಕ್ಕೆ ಕಾರಣ ಕೊಡಬೇಕು: ಜೀವ ಬೆದರಿಕೆ, ಬೆಳೆ ರಕ್ಷಣೆ ಇತ್ಯಾದಿ.

• ಪೊಲೀಸ್ ವರದಿ: ನಿಮ್ಮ ಠಾಣೆಯಿಂದ ವಿಚಾರಣೆ ಆಗುತ್ತೆ. ವರದಿ ನೋಡಿ ಜಿಲ್ಲಾಧಿಕಾರಿಗಳು ತೀರ್ಮಾನ ಮಾಡುತ್ತಾರೆ.

• ನಿರಾಕರಿಸಿದರೆ: ಕಲಂ 18ರ ಪ್ರಕಾರ ಮೇಲ್ಮನವಿ ಹಾಕಬಹುದು.

• ಎಷ್ಟು: ಒಬ್ಬರಿಗೆ ಗರಿಷ್ಠ 2 ಬಂದೂಕು (ಮೊದಲು 3 ಇತ್ತು). ಲೈಸೆನ್ಸ್ ಅವಧಿ 5 ವರ್ಷ.

• ಗಡಿ ದಾಟುವ ಮುನ್ನ: ಲೈಸೆನ್ಸ್ ಯಾವ ಪ್ರದೇಶಕ್ಕೆ ಸಿಂಧು ಅಂತ ಅದರ ಮೇಲೇ ಬರೆದಿರುತ್ತೆ. ನಮಗೆ ಒಂದು ಕಡೆ ಉಮರ್ಗಾ, ಇನ್ನೊಂದು ಕಡೆ ಜಹೀರಾಬಾದ್ ಹತ್ತಿರ. ಮದುವೆಗೆ ಅಂತ ಗಾಡಿಯಲ್ಲಿ ಬಂದೂಕು ಇಟ್ಟುಕೊಂಡು ಹೊರಡುವ ಮುನ್ನ ಇದನ್ನು ನೋಡಿ.

• ಮದುವೆ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು: ಜನರ ಜೀವಕ್ಕೆ ಅಪಾಯ ಆಗುವಂತೆ ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಇದ್ದರೂ ಅಷ್ಟೇ.

ರೈತರಿಗೆ ಇನ್ನೊಂದು ಮಾತು. ಲೈಸೆನ್ಸ್ ಸಿಕ್ಕರೂ ಅದು ಬೇಟೆಗೆ ಪರವಾನಗಿ ಅಲ್ಲ. ನಮ್ಮ ಹೊಲಗಳಿಗೆ ಬರುವ ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಬೆಳೆ ಹಾಳಾದರೆ ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವುದೇ ಸರಿಯಾದ ದಾರಿ.

ಮನೆಯಲ್ಲಿ ಹಳೇ ಬಂದೂಕು ಇದ್ದರೆ

ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡರೆ ಆ ಲೈಸೆನ್ಸ್ ಮಕ್ಕಳಿಗೆ ತಾನಾಗೇ ಬರಲ್ಲ. ಕಲಂ 21ರ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ರ ಠೇವಣಿ ಇಡಬೇಕು. ರಸೀದಿ ತಪ್ಪದೆ ತೆಗೆದುಕೊಳ್ಳಿ. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಇಲ್ಲಾಂದ್ರೆ ನಿಯಮದ ಪ್ರಕಾರ ಮಾರಬಹುದು. ಅವಧಿ ಮೀರಿದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುತ್ತೆ.

ಮೊದಲಿಂದಲೂ ಕಾಗದ ಪತ್ರ ಇಲ್ಲದ ಬಂದೂಕು ಅಟ್ಟದ ಮೇಲೆ ಸಿಕ್ಕರೆ? ಒರೆಸಿ, ಎಣ್ಣೆ ಹಾಕಿ, ಹಾರುತ್ತಾ ಅಂತ ನೋಡಲು ಹೋಗಬೇಡಿ. ಹೊಲದಲ್ಲಿ ಹೂಳುವುದು, ಬಾವಿಗೆ ಎಸೆಯುವುದು, ಗುಜರಿಗೆ ಹಾಕುವುದು ಕೂಡ ಬೇಡ. ಮೊದಲು ಒಬ್ಬ ವಕೀಲರ ಜೊತೆ ಮಾತಾಡಿ, ಎಲ್ಲಿ ಹೇಗೆ ಸಿಕ್ಕಿತು ಅಂತ ಬರೆದ ಅರ್ಜಿಯೊಂದಿಗೆ ಠಾಣೆಗೆ ಒಪ್ಪಿಸಿ. ವಕೀಲರ ಫೀಸು ಕಟ್ಟಲು ಆಗದವರು ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ರಿಪೇರಿ ಮಾಡಿದರೂ ಬಳಸಲಾಗದಷ್ಟು ಹಾಳಾದ ಪುರಾತನ ಶಸ್ತ್ರಕ್ಕೆ ಕಲಂ 45ರಲ್ಲಿ ವಿನಾಯಿತಿ ಇದೆ. ಆದ್ರೆ ನಿಮ್ಮದು ಆ ಲೆಕ್ಕಕ್ಕೆ ಬರುತ್ತೆ ಅಂತ ನೀವೇ ತೀರ್ಮಾನ ಮಾಡಿಕೊಂಡು ಕೂರಬೇಡಿ.

ಲೇಥ್, ವೆಲ್ಡಿಂಗ್, ಗ್ಯಾರೇಜ್ ಮಾಲೀಕರು ಗಮನಿಸಿ

1. "ಸಣ್ಣ ಕೆಲಸ ಅದ ಅಣ್ಣಾ, ಡಬಲ್ ರೊಕ್ಕ ಕೊಡ್ತೀನಿ" ಅಂತ ಬಂದೂಕಿನ ಯಾವುದೇ ಭಾಗ ತಂದರೆ ಮುಟ್ಟಬೇಡಿ. ಗಿರಾಕಿ ಪರಿಚಯದವನೇ ಆಗಿರಲಿ, ನೆಂಟನೇ ಆಗಿರಲಿ. ಅವನ ಹತ್ರ ಲೈಸೆನ್ಸ್ ಇದ್ದರೂ ರಿಪೇರಿ ಮಾಡೋ ಲೈಸೆನ್ಸ್ ನಿಮಗಿಲ್ಲ.

2. ಏನಕ್ಕೆ ಅಂತ ಹೇಳದೆ ಚಿತ್ರ ತೋರಿಸಿ ವಿಚಿತ್ರ ಪಾರ್ಟ್ ಕೇಳಿದರೆ, ಯಾವ ಯಂತ್ರಕ್ಕೆ ಅಂತ ಕೇಳಿ. ಉತ್ತರ ಸರಿ ಇಲ್ಲದಿದ್ದರೆ ಕೆಲಸ ಬಿಡಿ.

3. ಅಂಗಡಿಯ ಹುಡುಗರಿಗೆ ಇದನ್ನು ಹೇಳಿಡಿ. ರಾತ್ರಿ ಪಾಳಿಯಲ್ಲಿ ಮಾಲೀಕರಿಗೆ ಗೊತ್ತಿಲ್ಲದೆ ಆದ ಕೆಲಸಕ್ಕೂ ಪೊಲೀಸರು ಮೊದಲು ಬರುವುದು ಮಾಲೀಕರ ಬಾಗಿಲಿಗೇ.

4. ಬಿಲ್ ಪುಸ್ತಕ ಇಡಿ. ಯಾರಿಗೆ ಏನು ಮಾಡಿಕೊಟ್ಟಿರಿ ಅನ್ನೋ ದಾಖಲೆ ನಾಳೆ ನಿಮ್ಮನ್ನೇ ಕಾಪಾಡುತ್ತೆ.

5. ಇಂಥ ಕೆಲಸ ನಡೆಯುತ್ತಿರುವುದು ಗೊತ್ತಾದರೆ ಹತ್ತಿರದ ಠಾಣೆಗೆ ತಿಳಿಸಿ, ಇಲ್ಲಾಂದ್ರೆ 112ಕ್ಕೆ ಫೋನ್ ಮಾಡಿ. ಕಲಂ 36ರ ಪ್ರಕಾರ ಗೊತ್ತಿದ್ದೂ ಸಕಾರಣ ಇಲ್ಲದೆ ಸುಮ್ಮನಿರುವಂತಿಲ್ಲ.

ಒಂದು ರಾತ್ರಿಯ ಕೆಲಸಕ್ಕೆ ಸಿಗುವ ರೊಕ್ಕ ಎಷ್ಟೇ ಇರಲಿ, ಅದರ ಎದುರಿಗೆ ನಿಂತಿರೋದು ಕನಿಷ್ಠ 7 ವರ್ಷ. ಅಂಗಡಿ ಶಟರ್ ಇಳಿಸಿ ಅಷ್ಟು ವರ್ಷ ಮನೆ ನಡೆಸೋದು ಯಾರು ಅಂತ ಮೊದಲು ಯೋಚನೆ ಮಾಡಿ.