ಬಂಪರ್ ಹಿಡಿದು ಕಾರೆತ್ತಿದ ಕಾಲ

‘ಸ್ಟೆಪ್ನಿ ಇದೆಯೇ?’ ಎಂಬ ಪ್ರಶ್ನೆಯನ್ನು ಕೇಳದ ಡ್ರೈವರ್ ನಮ್ಮ ನಾಡಿನಲ್ಲಿ ಇರಲಾರ. ಶಿರಸಿ, ಮುಂಡಗೋಡ, ಹುಬ್ಬಳ್ಳಿಗಳ ನಡುವಣ ಅರೆಮಲೆನಾಡಿನ ಊರಾದ ಪಾಳಾದಲ್ಲಿ ಟೈರು ಕೈಕೊಟ್ಟರೂ ಮೊದಲು ಬಾಯಿಗೆ ಬರುವುದು ಇದೇ ಮಾತು. ಆದರೆ ಈ ಶಬ್ದ ಕನ್ನಡದ್ದಲ್ಲ, ಹಿಂದಿಯದೂ ಅಲ್ಲ. ಅದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಲಾನೆಲ್ಲಿ ಎಂಬ ಪಟ್ಟಣದ ಒಂದು ಬೀದಿಯ ಹೆಸರು!

ಮೋಟಾರಿನ ಆರಂಭದ ದಿನಗಳಲ್ಲಿ ಹೆಚ್ಚುವರಿ ಗಾಲಿ ಒಯ್ಯುವ ಪದ್ಧತಿ ಇರಲಿಲ್ಲ. ಟೈರು ಪಂಕ್ಚರ್ ಆದರೆ ರಸ್ತೆಯಲ್ಲೇ ಅದನ್ನು ಮೀಟಿ ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕಿತ್ತು. 1904ರಲ್ಲಿ ಲಾನೆಲ್ಲಿಯ ಸ್ಟೆಪ್ನಿ ಬೀದಿಯ ಡೇವಿಸ್ ಸೋದರರು ಇದಕ್ಕೊಂದು ಉಪಾಯ ಕಂಡುಹಿಡಿದರು. ಗಾಳಿ ತುಂಬಿದ ಟೈರನ್ನು ಕಡ್ಡಿಗಳಿಲ್ಲದ ಬಳೆಗೆ ಕೂರಿಸಿ, ಅದನ್ನು ಕೆಟ್ಟ ಗಾಲಿಯ ಪಕ್ಕಕ್ಕೇ ಬಿಗಿಯುವುದು. ಈ ಸಾಧನ ಬಹುಬೇಗ ಮೂಲೆ ಸೇರಿತು. ಬಿಚ್ಚಿ ಹಾಕಬಹುದಾದ ಪೂರ್ಣ ಗಾಲಿಗಳು ಬಂದವು. ಆದರೂ ಭಾರತದಲ್ಲಿ ಸ್ಟೆಪ್ನಿ ಎಂಬ ಹೆಸರು ಮಾತ್ರ ಉಳಿದುಬಿಟ್ಟಿತು.

ಗಾಲಿಯೇನೋ ಸಿಕ್ಕಿತು. ಕಾರನ್ನು ಎತ್ತುವುದು ಹೇಗೆ? ಇಲ್ಲಿಂದ ಜಾಕ್‌ನ ಕಥೆ ಶುರುವಾಗುತ್ತದೆ.

ಕಂಬ ಹತ್ತುವ ಕೊಕ್ಕೆ

1920ರ ದಶಕದಲ್ಲಿ ಕಾರುಗಳ ಮುಂದೆ, ಹಿಂದೆ ಉಕ್ಕಿನ ಬಂಪರ್ ಸಾಮಾನ್ಯವಾಯಿತು. ಅದನ್ನು ಬೋಲ್ಟು ಹಾಕಿ ನೇರ ಚಾಸಿಸ್‌ಗೇ ಬಿಗಿಯುತ್ತಿದ್ದರು. ಇಷ್ಟು ಗಟ್ಟಿಯಾದ ಹಿಡಿ ಕಾರಿನ ಹೊರಗೇ ಇರುವಾಗ ಅಡಿಗೆ ನುಸುಳುವುದೇಕೆ ಎಂಬ ಯೋಚನೆಯಿಂದ ಹುಟ್ಟಿದ್ದು ಬಂಪರ್ ಜಾಕ್. ಅಮೆರಿಕದ ಕಾರುಗಳಲ್ಲಿ ಇದು 1970ರ ದಶಕದವರೆಗೂ ಬಳಕೆಯಲ್ಲಿತ್ತು.

ಇದರ ರಚನೆ ಸರಳ. ನೆಲಕ್ಕೆ ಒಂದು ಉಕ್ಕಿನ ತಟ್ಟೆ, ಅದರ ಮೇಲೆ ಹಲ್ಲುಗಳಿರುವ ಒಂದು ನೇರ ಕಂಬ. ಕಂಬವನ್ನು ಏರುವ ಪೆಟ್ಟಿಗೆಯಲ್ಲಿ ಎರಡು ನಾಲಿಗೆಗಳು. ಹಿಡಿಯನ್ನು ಒತ್ತಿದಾಗ ಒಂದು ನಾಲಿಗೆ ಭಾರವನ್ನು ಹೊತ್ತರೆ ಇನ್ನೊಂದು ಮೇಲಿನ ಹಲ್ಲಿಗೆ ಜಿಗಿಯುತ್ತದೆ. ಹೀಗೆ ಹಲ್ಲಿನಿಂದ ಹಲ್ಲಿಗೆ ಏರುತ್ತ, ಬಂಪರಿಗೆ ಸಿಕ್ಕಿಸಿದ ಕೊಕ್ಕೆಯೊಡನೆ ಕಾರೂ ಏರುತ್ತದೆ. ನಟ್ಟು ಬಿಚ್ಚುವ ಪಾನಾವೇ ಅನೇಕ ಕಡೆ ಜಾಕಿನ ಹಿಡಿಯೂ ಆಗಿತ್ತು. ಇದೇ ಜಾತಿಯ ‘ಹೈ-ಲಿಫ್ಟ್’ ಜಾಕ್ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್‌ನಲ್ಲಿ 1905ರಿಂದ ತಯಾರಾಗುತ್ತ ಬಂದಿದೆ. ಕಾಡುಮೇಡು ಸುತ್ತುವ ಜೀಪುಗಳವರಿಗೆ ಅದು ಇಂದಿಗೂ ಬೇಕಾದ ವಸ್ತು.

ಅಮೆರಿಕದ ಈ ವಾಹನಗಳು ನಮ್ಮಲ್ಲಿಗೆ ಬಂದದ್ದು ಮುಖ್ಯವಾಗಿ ಮುಂಬಯಿಯ ದಾರಿಯಿಂದ. ಜನರಲ್ ಮೋಟಾರ್ಸ್ 1928ರಲ್ಲಿ ಅಲ್ಲಿನ ಸೇವ್ರಿಯಲ್ಲಿ ಷೆವರ್ಲೆ ವಾಹನಗಳನ್ನು ಜೋಡಿಸಲು ಆರಂಭಿಸಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಡಾಜ್, ಪ್ಲಿಮತ್‌ಗಳನ್ನೂ, ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನೂ ಜೋಡಿಸಿದವು. ಉತ್ತರ ಕನ್ನಡ ಜಿಲ್ಲೆ 1956ರವರೆಗೂ ಮುಂಬಯಿ ಆಡಳಿತಕ್ಕೇ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಈ ಸೀಮೆಯ ಕಾಡಿನ ಬಿದಿರೇ ಕಚ್ಚಾಮಾಲಾಗಿತ್ತು. ಬಿದಿರು, ಸಾಗವಾನಿಗಳ ಜೊತೆಗೆ ಲಾರಿಯೂ ಜೀಪೂ ಕಾಡಿನ ಬದುಕಿನ ಭಾಗವಾದವು.

ಕಲ್ಲು ಕೊಡುವುದೇಕೆ?

ಬಂಪರ್ ಜಾಕಿನ ದೊಡ್ಡ ಅನುಕೂಲವೆಂದರೆ ಕೆಸರಲ್ಲಿ ಮಲಗಬೇಕಿಲ್ಲ, ಬಟ್ಟೆ ಕೊಳೆಯಾಗುವುದಿಲ್ಲ. ಅದರ ದೊಡ್ಡ ದೋಷವೂ ಅದರ ಎತ್ತರದಲ್ಲೇ ಇದೆ. ಬಂಪರನ್ನು ಎತ್ತಿದಾಗ ಮೊದಲು ಏಳುವುದು ಕಾರಿನ ಮೈ, ಗಾಲಿಯಲ್ಲ. ಸ್ಪ್ರಿಂಗಿನ ಪಟ್ಟಿಗಳು ಸಡಿಲಾಗಿ ಆಕ್ಸಲ್ ಕೆಳಗೇ ಜೋತುಬಿದ್ದಿರುತ್ತದೆ. ಗಾಲಿ ನೆಲ ಬಿಡಬೇಕಾದರೆ ಕಾರನ್ನು ಮತ್ತಷ್ಟು ಎತ್ತಬೇಕು. ಆಗ ಒಂದು ಟನ್ನಿಗೂ ಮಿಕ್ಕಿದ ಕಾರಿನ ಒಂದು ತುದಿ ಒಂದೇ ಕಂಬದ ಮೇಲೆ ನಿಂತಿರುತ್ತದೆ. ಕಾರು ಒಂದಿಷ್ಟು ಸರಿದರೂ ಕಂಬ ವಾಲುತ್ತದೆ, ಕೊಕ್ಕೆ ಜಾರುತ್ತದೆ.

ಹ್ಯಾಂಡ್‌ಬ್ರೇಕ್ ಹಾಕಿದರೆ ಸಾಲದೇ ಎಂದು ಓದುಗರು ಕೇಳಬಹುದು. ಸಾಲದು. ಹಳೆಯ ವಿಲ್ಲಿಸ್ ಜೀಪಿನಲ್ಲೂ ಆ ಕಾಲದ ಪ್ಲಿಮತ್‌ನಂಥ ಕಾರುಗಳಲ್ಲೂ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದುದು ಗಾಲಿಗಳನ್ನಲ್ಲ, ಅವುಗಳಿಗೆ ಶಕ್ತಿ ಒಯ್ಯುವ ಶಾಫ್ಟನ್ನು. ಹಿಂದಿನ ಒಂದು ಗಾಲಿ ಗಾಳಿಯಲ್ಲಿದ್ದರೆ, ಡಿಫರೆನ್ಷಿಯಲ್‌ನ ಹಲ್ಲುಗಾಲಿಗಳಿಂದಾಗಿ ಅದು ಹಿಂದಕ್ಕೆ ತಿರುಗಿ, ನೆಲದ ಮೇಲಿನ ಗಾಲಿ ಮುಂದಕ್ಕೆ ಉರುಳಬಲ್ಲದು. ಬ್ರೇಕು ಹಾಕಿದ್ದರೂ ಗಾಡಿ ಹೊರಟೇಬಿಡುತ್ತದೆ! ಗಾಲಿಗೆ ಕಲ್ಲು ಕೊಡುವ ಕ್ಲೀನರನ ಅಭ್ಯಾಸಕ್ಕೆ ಇರುವ ಕಾರಣ ಇದು.

ಹಳಬರು ಪಾಲಿಸುತ್ತಿದ್ದ ಕ್ರಮವನ್ನು ಇಲ್ಲಿ ಹೇಳಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸುವುದು. ಎತ್ತುವ ಗಾಲಿಯ ಎದುರು ಮೂಲೆಯ ಗಾಲಿಗೆ ಎರಡೂ ಬದಿಯಲ್ಲಿ ಕಲ್ಲು ಕೊಡುವುದು. ಮಳೆಗಾಲದ ಮೆತ್ತನೆ ಮಣ್ಣಾದರೆ ಜಾಕಿನ ತಟ್ಟೆಯ ಅಡಿಗೆ ದಪ್ಪ ಹಲಗೆ ಇಡುವುದು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸುವುದು, ಇಳಿಸಿದ ಮೇಲೆಯೇ ಎದುರು ಬದುರಾಗಿ ಪೂರ್ತಿ ಬಿಗಿಯುವುದು. ಇಳಿಸುವಾಗ ಹಿಡಿ ರಪ್ಪನೆ ಮೇಲೆ ಚಿಮ್ಮುವುದರಿಂದ ಮುಖವನ್ನು ದೂರವಿಡುವುದು. ಜಾಕಿನ ಮೇಲಿನ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗದಿರುವುದು.

ಇನ್ನೊಂದು ಸ್ವಾರಸ್ಯ. ಹಳೆಯ ಜೀಪಿನ ಎಡಬದಿಯ ನಟ್ಟುಗಳ ಮರೆ ಉಲ್ಟಾ. ಗಾಲಿ ತಿರುಗುವ ಓಘಕ್ಕೆ ನಟ್ಟು ಸಡಿಲಾಗಬಾರದೆಂಬುದು ಉದ್ದೇಶ. ಇದನ್ನರಿಯದವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಬೋಲ್ಟನ್ನೇ ಮುರಿಯುತ್ತಾರೆ.

ಬಂಪರ್ ಮೆತ್ತಗಾಯಿತು

ಬ್ರಿಟಿಷ್ ಕಾರುಗಳ ದಾರಿ ಬೇರೆ. ಹಿಂದೂಸ್ತಾನ್ ಮೋಟಾರ್ಸ್ ನಮ್ಮಲ್ಲಿ ‘ಬೇಬಿ ಹಿಂದೂಸ್ತಾನ್’ ಎಂದು ಮಾರಿದ ಮಾರಿಸ್ ಮೈನರ್‌ಗೆ ಬಾಗಿಲ ಕೆಳಗೆ, ಪಕ್ಕದಲ್ಲೇ ಜಾಕ್ ಸಿಕ್ಕಿಸುವ ಗೂಡು ಇತ್ತು. ಅಮೆರಿಕದಲ್ಲಿ 1973ರಿಂದ ಬಂಪರುಗಳಿಗೆ ಹೊಸ ಸರ್ಕಾರಿ ನಿಯಮ ಬಂತು. ಸಣ್ಣ ಡಿಕ್ಕಿಯ ಪೆಟ್ಟನ್ನು ಬಂಪರೇ ತಾಳಿಕೊಳ್ಳಬೇಕಾಯಿತು. ಮುಂದೆ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂತು. ಬೇರೆ ಚಾಸಿಸ್ ಇಲ್ಲದ, ಮೈಯೇ ಭಾರ ಹೊರುವ ಕಾರುಗಳು ಹೆಚ್ಚಿದವು. ಕೊಕ್ಕೆಗೆ ಹಿಡಿತವೇ ಇಲ್ಲವಾಗಿ, ಕಾರಿನಡಿಗೆ ಇಡುವ ಕತ್ತರಿ ಜಾಕ್ ಬಂತು. ಇಂದು ಟ್ಯೂಬ್‌ಲೆಸ್ ಟೈರಿನ ಕಾಲದಲ್ಲಿ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ.

ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿ ಬೆರಗಾಗದವರಿಲ್ಲ. ಅಂಥ ಕಾರುಗಳನ್ನು ಮನೆಯಲ್ಲಿ ಉಳಿಸಿಕೊಂಡವರೂ ನಾಡಿನಲ್ಲಿದ್ದಾರೆ. ಹೊಳೆಯುವ ಬಂಪರಿಗೆ ಸಿಗುವ ಆರೈಕೆ ಡಿಕ್ಕಿಯಲ್ಲಿ ಬಿದ್ದ ಜಾಕಿಗೆ ಸಿಗುವುದಿಲ್ಲ. ಅದು ಗುಜರಿಗೆ ಹೋಗುತ್ತದೆ, ಇಲ್ಲವೇ ತುಕ್ಕು ಹಿಡಿದ ಹಲ್ಲುಗಳೊಡನೆ ಹಾಗೇ ಬಳಕೆಯಾಗುತ್ತದೆ. ಎರಡನೆಯದು ಹೆಚ್ಚು ಅಪಾಯಕರ. ತುಕ್ಕು ಹಿಡಿದ ಬಂಪರ್, ಸವೆದ ನಾಲಿಗೆ ಇವೆರಡೂ ಸೇರಿದರೆ ಐವತ್ತು ವರ್ಷದ ಹಿಂದಿನ ಅಪಾಯ ಇಂದೂ ಎದುರಾಗುತ್ತದೆ. ಹಳೆಯ ಜಾಕನ್ನು ಕಾರಿನ ಜೊತೆ ಪ್ರದರ್ಶನಕ್ಕಿಟ್ಟು, ಎತ್ತುವ ಕೆಲಸಕ್ಕೆ ಆಕ್ಸಲ್ ಅಡಿಗೆ ಇಡುವ ಹೊಸ ಜಾಕನ್ನೂ ಆಧಾರಕ್ಕೆ ಸ್ಟ್ಯಾಂಡನ್ನೂ ಬಳಸುವುದೇ ಜಾಣತನ.

ನಮ್ಮ ಮೋಟಾರು ಚರಿತ್ರೆಯಲ್ಲಿ ಕಾರಿನ ಒಡೆಯರ ಹೆಸರುಗಳು ಸಿಗುತ್ತವೆ, ಕಂಪನಿಗಳ ಹೆಸರು ಸಿಗುತ್ತವೆ. ನಡುರಾತ್ರಿ ಕಾಡಿನ ರಸ್ತೆಯಲ್ಲಿ ಕಂದೀಲು ಹಿಡಿದು ಗಾಲಿಗೆ ಕಲ್ಲು ಕೊಟ್ಟ ಕ್ಲೀನರ್ ಹುಡುಗರ ಹೆಸರು ಎಲ್ಲೂ ಇಲ್ಲ. ಪಾಳಾದಂಥ ಊರುಗಳಲ್ಲಿ ಅಂಥವರು ಈಗ ಅಜ್ಜಂದಿರು. ಆ ಕೆಲಸದ ಕಥೆಯನ್ನು ಅವರ ಬಾಯಿಂದ ಕೇಳಿ ಬರೆದಿಡಲು ಉಳಿದಿರುವ ಸಮಯ ಬಹಳವಿಲ್ಲ.